ಎಡಗಣ್ಣು ಹಾರಿದ ಮೇಲೆ

ನನ್ನ ಎಡಗಣ್ಣಿನ ರೆಪ್ಪೆ ಹಾರತೊಡಗಿದಾಗ ಅತ್ತೆಗೆ ಖುಷಿಯೋ ಖುಷಿ. "ಹೆಂಗಸ್ರಿಗೆ ಎಡಗಣ್ಣು ಹಾರಿದ್ರೆ ಒಳ್ಳೇದಾಗ್ತದೆ" ಎಂದರು. ಆಗ ನನಗೆ ಕೊಪ್ಪದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ. ಕೆಲವೇ ತಿಂಗಳಲ್ಲಿ ಆ ಅದುರಾಟ ಕೆನ್ನೆಗಿಳಿಯಿತು, ಆಮೇಲೆ ತುಟಿಯ ಮೂಲೆಗೆ. ಮುಖದ ಎಡಭಾಗವಿಡೀ ಎಳೆದುಕೊಂಡು ಕಣ್ಣು ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು.

ಒಂದು ದಿನ ಸೀರೆ ಕೊಳ್ಳಲು ಹೆಂಡತಿಯೊಂದಿಗೆ ಬಂದವನೊಬ್ಬ ನನ್ನನ್ನೇ ನೋಡಿ ನಕ್ಕ. ಹೆಂಡತಿ ಸೀರೆಯನ್ನು ಬದಿಗೆ ತಳ್ಳಿದಳು. "ಎಂತ, ಕಣ್ಣು ಹೊಡೀತೀಯಾ? ನಾಚಿಕೆ ಆಗಲ್ವಾ ನಿಂಗೆ?"

"ಇಲ್ಲ ಅಕ್ಕಾ, ಅದು ತನ್ನಷ್ಟಕ್ಕೆ..." ಎನ್ನುವಾಗಲೇ ಕಣ್ಣು ಮತ್ತೆ ಮುಚ್ಚಿತು. ಮಾರನೆಯ ದಿನದಿಂದ ಮಾಲೀಕರು ನನ್ನನ್ನು ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಚಲು ಕೂರಿಸಿದರು.

ಅಷ್ಟರಲ್ಲಿ ಕಿಗ್ಗದ ನನ್ನ ತವರಿಗೆ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಮ್ಮ ಫೋನ್ ಮಾಡಿ, "ನೀನೂ ಬಾ. ಆದ್ರೆ ಅವರೆದುರು ಬರ್ಬೇಡ ಮಾರಾಯ್ತಿ, ಮನೆತನದ ಕಾಯಿಲೆ ಅಂದ್ಕೊಂಡಾರು" ಎಂದಳು. ಕಣ್ಣಿಂದ ಕೆನ್ನೆಯವರೆಗೆ ಪ್ಲಾಸ್ಟರ್ ಅಂಟಿಸಿಕೊಂಡು ಹೋದೆ. ಯಾರಾದರೂ ಕೇಳಿದರೆ ಬಿದ್ದು ಗಾಯವಾಯಿತು ಎನ್ನೋಣವೆಂದುಕೊಂಡಿದ್ದೆ. ಹೊರಗೆ ಅವರ ಮಾತು, ನಗು. ಅಡುಗೆಮನೆಯಲ್ಲಿ ನಾನು. ಪ್ಲಾಸ್ಟರ್ ಅಡಿಯಲ್ಲೂ ಕೆನ್ನೆ ಮಿಡುಕುತ್ತಲೇ ಇತ್ತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ, ಪ್ಲಾಸ್ಟರ್ ಕಿತ್ತೆಸೆದು ಕೆನ್ನೆಗೆ ಹೊಡೆದುಕೊಂಡೆ, ಕೈ ಸೋಲುವವರೆಗೆ. ಅದು ನಿಲ್ಲಲಿಲ್ಲ.

ಆ ಸಂಬಂಧ ಕೂಡಲಿಲ್ಲ. ಜಾತಕ ಹೊಂದಲಿಲ್ಲವಂತೆ. ನಾನು ನಂಬಲಿಲ್ಲ; ನನ್ನ ಮುಖದ ಸುದ್ದಿ ಅವರ ಕಿವಿಗೆ ಬಿದ್ದಿರಬೇಕು. ತಂಗಿ ಮಾತ್ರ, "ಅವರ ಸುದ್ದಿ ಸಾಯ್ಲಿ ಅಕ್ಕಾ. ನೀನು ಮೊದ್ಲು ದೊಡ್ಡ ಡಾಕ್ಟ್ರಿಗೆ ತೋರ್ಸು" ಎಂದು ಅತ್ತಳು.

ಗಂಡ ಮಂಗಳೂರಿಗೆ ಕರೆದೊಯ್ದರು. ಸ್ಕ್ಯಾನ್ ನೋಡಿದ ನರರೋಗ ವೈದ್ಯೆ, "ಬರೀ ರೆಪ್ಪೆ ಹಾರೋದಕ್ಕೆ ನಿದ್ದೆ ಕಮ್ಮಿಯಾದ್ರೂ ಸಾಕು. ನಿಮ್ದು ಹಾಗಲ್ಲ. ಮೆದುಳಿನ ಬುಡದಲ್ಲಿ ಒಂದು ರಕ್ತನಾಳ ಮುಖದ ನರಕ್ಕೆ ಒತ್ತಿಕೊಂಡಿದೆ. ಅದಕ್ಕೇ ನರ ಕೆರಳ್ತಾ ಇದೆ" ಎಂದರು. ಜೀವಕ್ಕೆ ಅಪಾಯವಿಲ್ಲವಂತೆ. ಹಾಗಿದ್ದರೆ ನಾನು ಬದುಕುತ್ತಿರುವುದು ಒಂದು ಬದುಕೇ ಎಂದು ಕೇಳಬೇಕೆನಿಸಿತು.

ಕೆನ್ನೆಗೆ ಇಂಜೆಕ್ಷನ್ ಕೊಟ್ಟರು. ಒಂದಷ್ಟು ಕಾಲ ಮುಖ ಸುಮ್ಮನಿತ್ತು. ನಾನು ಕನ್ನಡಿ ಮುಂದೆ ನಿಂತೇ ಇರುತ್ತಿದ್ದೆ. ಆಮೇಲೆ ಒಂದು ಬೆಳಿಗ್ಗೆ ದೋಸೆ ಹುಯ್ಯುವಾಗ ರೆಪ್ಪೆ ಮತ್ತೆ ಹಾರಿತು. ಸೌಟು ಕೈಜಾರಿತು.

ಇಂಜೆಕ್ಷನ್ ಆದರೆ ಕೆಲವು ತಿಂಗಳಿಗೊಮ್ಮೆ ತಗೊಳ್ಳುತ್ತಲೇ ಇರಬೇಕಂತೆ; ಪೂರ್ತಿ ನಿಲ್ಲಬೇಕಾದರೆ ಉಳಿದದ್ದು ಆಪರೇಶನ್. ಕಿವಿಯ ಹಿಂದೆ ತಲೆಬುರುಡೆ ಕೊರೆಯಬೇಕು, ಆ ಕಿವಿ ಕೇಳದೆ ಹೋಗುವ ಸಾಧ್ಯತೆಯೂ ಉಂಟು.

"ಹೋದ್ರೆ ಹೋಗ್ಲಿ" ಎಂದೆ.

"ಇನ್ನೊಂದ್ಸಲ ಯೋಚ್ನೆ ಮಾಡು ಮಾರಾಯ್ತಿ" ಎಂದರು ಗಂಡ.

ಮಾಡಿದ್ದೇನೆ. ಮುಂದಿನ ವಾರ ಅಡ್ಮಿಟ್ ಆಗಬೇಕು.