ಮೂರು ಅಂದರೆ ಮೊಟ್ಟೆ

ಗೋವಾದ ಝುವಾರಿನಗರದ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಊಟದ ಆ್ಯಪ್ ಮಾಡಿಕೊಡುವ ಕೆಲಸ ಬಂದಾಗ ನಮ್ಮ ಮಾಲೀಕರು ಅದನ್ನು ಕ್ರಾಂತಿ ಎಂದು ಕರೆದರು. ನಮ್ಮ ಕಚೇರಿ ಎಂದರೆ ವಾಸ್ಕೋದಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆ. ಕ್ರಾಂತಿಗೆ ಇದ್ದ ಸೈನ್ಯ ನಾನೊಬ್ಬಳೇ. ಮಾಲೀಕರು ಸೇನಾಪತಿ, ಅವರಿಗೆ ಎ.ಸಿ. ಇರುವ ಕೋಣೆ.

ಕೆಲಸ ನನಗೆ ಇಷ್ಟವಾಗಲು ಒಂದು ಕಾರಣವಿತ್ತು. ನನ್ನ ಅಪ್ಪ ಅದೇ ಕಾರ್ಖಾನೆಯಲ್ಲಿ ಫಿಟ್ಟರ್. ವಿಜಯಪುರದ ಕಡೆಯಿಂದ ಬಂದು ಮಂಗೋರ್ ಹಿಲ್‌ನಲ್ಲಿ ಸಂಸಾರ ಹೂಡಿದವರು. ಸುತ್ತಲೂ ಮೀನು ಹುರಿಯುವ ವಾಸನೆಯ ನಡುವೆ ಇಷ್ಟು ವರ್ಷ ಬದುಕಿಯೂ ಮೊಟ್ಟೆಯನ್ನು ಮುಟ್ಟಿದವರಲ್ಲ.

ಕಾರ್ಮಿಕರು ಮೊಬೈಲಿನಲ್ಲಿ ತಮಗೆ ಬೇಕಾದದ್ದಕ್ಕೆ ಗುರುತು ಹಾಕಬೇಕು: ಚಪಾತಿ, ಅನ್ನ, ಮೊಟ್ಟೆ, ಮೀನು. ಬದಲಿಸುವವರೆಗೆ ಅದೇ ಆಯ್ಕೆ. ಊಟದ ಹೊತ್ತಿಗೆ ಕಾರ್ಡು ತೋರಿಸಿದರೆ ಬಡಿಸುವವನ ಪರದೆಯ ಮೇಲೆ ಅದು ಮೂಡಬೇಕು. ಇದಕ್ಕೆ ನಾನು ಫ್ಲ್ಯಾಗ್ ಎನಮ್ ಎಂಬ ಅಂಕಿಗಳ ಪಟ್ಟಿ ಬಳಸಿದೆ. ಒಂದೊಂದು ಪದಾರ್ಥಕ್ಕೆ ಒಂದೊಂದು ಸ್ವಿಚ್ ಇದ್ದಂತೆ. ಚಪಾತಿಗೆ ಒಂದು, ಅನ್ನಕ್ಕೆ ಎರಡು, ಮೊಟ್ಟೆಗೆ ನಾಲ್ಕು, ಮೀನಿಗೆ ಎಂಟು. ಪ್ರತಿ ಸಲ ದುಪ್ಪಟ್ಟು. ಚಪಾತಿ ಮತ್ತು ಅನ್ನ ಬೇಕೆಂದವನ ಲೆಕ್ಕ ಎರಡೂ ಸೇರಿ ಮೂರು. ಚಪಾತಿ ಮತ್ತು ಮೊಟ್ಟೆಯವನದು ಐದು. ಯಾರು ಏನೇ ಕೂಡಿಸಿಕೊಂಡರೂ ಒಂದು ಆಯ್ಕೆಯ ಅಂಕಿ ಇನ್ನೊಂದು ಆಯ್ಕೆಯದರೊಂದಿಗೆ ಬೆರೆಯುವುದಿಲ್ಲ. ಕೂಡಿಸಲು ಒಂದು ಬಿಟ್‌ವೈಸ್ 'ಆರ್', ಅನ್ನದ ಸ್ವಿಚ್ ಹಾಕಿದೆಯೇ ಎಂದು ನೋಡಲು ಒಂದು 'ಆ್ಯಂಡ್', ಅಷ್ಟೇ.

ಗ್ರಾಹಕರಿಗೆ ತೋರಿಸುವ ಹಿಂದಿನ ಸಂಜೆ ಮಾಲೀಕರು ನನ್ನ ಬೆನ್ನ ಹಿಂದೆ ಬಂದು ನಿಂತರು.

"ಮೇಡಮ್, ಇದೇನ್ರಿ? ಒಂದು, ಎರಡು ಆದಮ್ಯಾಲೆ ನಾಕು? ಮೂರು ಎಲ್ಲಿ ಹೋತು?"

"ಸರ್, ಮೂರು ಅಂದ್ರ ಒಂದು ಮತ್ತ ಎರಡು ಕೂಡಿದ್ದು. ಅದನ್ನ ಬ್ಯಾರೆ ಯಾವುದಕ್ಕೂ ಕೊಡಾಕ ಬರಂಗಿಲ್ಲರಿ."

"ಅವ್ರು ನೋಡಿದ್ರ ಇವ್ರಿಗೆ ಎಣಿಸಾಕೂ ಬರಂಗಿಲ್ಲ ಅಂತಾರ. ನೀವು ಮನಿಗೆ ಹೋಗ್ರಿ, ನಾ ನೋಡ್ಕೋತೀನಿ. ಕೋಡಿಂಗ್ ನನಗೂ ಬರತೈತಿ."

ಗ್ರಾಹಕರು ಕೋಡಿನ ಒಳಗೆ ಇಣುಕಿ ನೋಡುವರೆಂಬ ಅವರ ನಂಬಿಕೆ ದೊಡ್ಡದು. ನಾನು ಮನೆಗೆ ಹೋದೆ. ಅವರು ನೋಡಿಕೊಂಡರು. ಒಂದು, ಎರಡು, ಮೂರು, ನಾಲ್ಕು ಎಂದು ಬಾಲವಾಡಿಯ ಗೋಡೆಯ ಮೇಲಿರುವಂತೆ ಅಂದವಾಗಿ ಜೋಡಿಸಿಟ್ಟರು.

ಈಗ ಮೂರು ಅಂದರೆ ಮೊಟ್ಟೆ. ಆದರೆ ಚಪಾತಿ ಮತ್ತು ಅನ್ನ ಸೇರಿದರೂ ಮೂರೇ. ಕಂಪ್ಯೂಟರಿಗೆ ಎರಡರ ನಡುವಿನ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ಆ್ಯಪ್ ಶುರುವಾದ ದಿನವೇ ಕಾರ್ಖಾನೆಯಲ್ಲಿ ಚಪಾತಿ ಮತ್ತು ಅನ್ನ ಎಂದು ಗುರುತು ಹಾಕಿದ ಸಾಧು ಮನುಷ್ಯರಿಗೆಲ್ಲ ಪರದೆ ಒಂದು ಬೇಯಿಸಿದ ಮೊಟ್ಟೆಯನ್ನೂ ದಯಪಾಲಿಸಿತು.

ನನಗೆ ಇದು ತಿಳಿದದ್ದು ಕಚೇರಿಯಲ್ಲಲ್ಲ, ಮನೆಯಲ್ಲಿ. ಅಪ್ಪ ಕೈಕಾಲು ತೊಳೆದು ಬಂದವರೇ ಹೇಳಿದರು.

"ಇವತ್ತ ನನ್ನ ತಾಟಿನ್ಯಾಗ ಮೊಟ್ಟಿ ಹಾಕಿದ್ರು. ಬ್ಯಾಡೋ ಅಂದ್ರ, ಕಂಪ್ಯೂಟರ್ ಹೇಳೈತಿ, ತಗೋರಿ ಕಾಕಾ ಅಂದ ಬಡಸಾಂವ."

ಅವ್ವ ಒಲೆಯ ಮುಂದಿನಿಂದ ತಿರುಗಿದಳು. "ಕಂಪ್ಯೂಟರ್ ಏನ್ ನಿಮ್ಮ ಬೀಗರೇನ್ರಿ, ಒತ್ತಾಯ ಮಾಡಿ ಬಡಿಸಾಕ? ಏನ್ ಮಾಡಿದ್ರಿ ಅದನ್ನ?"

"ಬಾಜೂಕ ಕುಂತಾವಗ ಕೊಟ್ಟೆ. ಗದಗ ಕಡೆಯಾಂವ, ಲೋಡಿಂಗ್ ಮಾಡ್ತಾನ. ಚಲೋ ಮನಷ್ಯಾ." ನನ್ನ ಕಡೆ ನೋಡಿ, "ಯಾವ ಬುದ್ಧಿಗೇಡಿ ಮಾಡ್ಯಾನವಾ ಇದನ್ನ?" ಎಂದರು.

ಸೇನಾಪತಿಗಳ ಮರ್ಯಾದೆ ಉಳಿಸಬೇಕಲ್ಲ, ಗೊತ್ತಿಲ್ಲ ಅಂದೆ.

ಮರುದಿನ ಮಾಲೀಕರಿಗೆ ಹಾಳೆಯ ಮೇಲೆ ಸ್ವಿಚ್ ಬರೆದು ತೋರಿಸಿದೆ. ಅವರು ಗಲ್ಲ ತುರಿಸಿಕೊಂಡು, "ಯಾರೂ ಕಂಪ್ಲೇಂಟ್ ಮಾಡಿಲ್ಲಲ್ರಿ?" ಎಂದರು. ಅದು ಖರೇ. ಕೇಳದೆ ಬಂದ ಮೊಟ್ಟೆಯ ಮೇಲೆ ದೂರು ಕೊಡುವಷ್ಟು ನಿಷ್ಠುರರು ಲೋಕದಲ್ಲಿ ಕಡಿಮೆ. ತಿನ್ನದವರು ಪಕ್ಕದವರಿಗೆ ಕೊಟ್ಟರು, ತಿನ್ನುವವರು ತಿಂದರು. ಕೊನೆಗೆ ಬಾಯಿ ಬಿಟ್ಟವನು ಕ್ಯಾಂಟೀನ್ ಗುತ್ತಿಗೆದಾರ. ಮಾರುಕಟ್ಟೆಯಿಂದ ಎಷ್ಟು ಟ್ರೇ ತಂದರೂ ಮೊಟ್ಟೆ ಸಾಲುತ್ತಿಲ್ಲ, ನಿಮ್ಮ ಆ್ಯಪ್ ಏನು ಕೋಳಿ ಸಾಕಿದವರ ಕಡೆಯದೇ ಎಂದು ಫೋನಿನಲ್ಲೇ ಕೂಗಾಡಿದ. ಮಾಲೀಕರು ಮೊದಲು ಕಾರ್ಮಿಕರ ಪೌಷ್ಟಿಕತೆಯ ಬಗ್ಗೆ ಮಾತಾಡಿದರು. ಅವನು ಬಿಲ್ಲಿನ ಬಗ್ಗೆ ಮಾತಾಡಿದ ಮೇಲೆ, "ಒಂದು ಆಳವಾದ ತಾಂತ್ರಿಕ ತೊಡಕನ್ನು ನಮ್ಮ ಟೀಮ್ ಪತ್ತೆ ಹಚ್ಚಿದೆ" ಎಂದರು. ಟೀಮು ಎದುರಿಗೇ ಕುಳಿತು ಚಹಾ ಕುಡಿಯುತ್ತಿತ್ತು.

ನಾಲ್ಕು ಮತ್ತು ಎಂಟನ್ನು ಅವುಗಳ ಜಾಗಕ್ಕೆ ಮರಳಿಸಿದೆ. ಹಳೆಯ ಅಂಕಿಗಳಲ್ಲಿ ಯಾರ ಮೂರು ಯಾವ ಮೂರು ಎಂದು ಬಿಡಿಸಲಾಗದೆ ಎಲ್ಲವನ್ನೂ ಅಳಿಸಿ, ಎಲ್ಲರೂ ಹೊಸದಾಗಿ ಗುರುತು ಹಾಕಬೇಕೆಂದು ಸಂದೇಶ ಕಳಿಸಿದೆವು. ಆಗ ಬಂತು ನೋಡಿ ದೂರಿನ ಮಳೆ. ಆ್ಯಪ್ ಇಷ್ಟು ದಿನ ಸರಿಯಾಗಿತ್ತು, ಈಗ ಕೆಟ್ಟಿದೆ, ಮೊಟ್ಟೆ ಬರುತ್ತಿಲ್ಲ.

ಆ ಭಾನುವಾರ ಅಪ್ಪ ತಮ್ಮ ಮೊಬೈಲನ್ನು ನನ್ನ ಮುಂದೆ ಇಟ್ಟರು.

"ಇದರಾಗ ನನ್ನ ಊಟ ಬದಲ ಮಾಡಿ ಹಚ್ಚಿಕೊಡವಾ. ಚಪಾತಿ, ಅನ್ನ." ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ, "ಮೊಟ್ಟಿನೂ ಹಚ್ಚು" ಎಂದರು.

ನಾನು ಅವರ ಮುಖ ನೋಡಿದೆ.

"ನನಗಲ್ಲಬೇ. ಅಂವಗ. ದಿನಾ ನನ್ನ ಬಾಜೂಕ ಬಂದು ಕುಂಡರತಾನ. ಈ ಮೊಟ್ಟಿ ಬರೂಕಿಂತ ಮೊದಲ ಹತ್ತು ವರ್ಷ ಒಬ್ಬರಿಗೊಬ್ಬರು ಮಾತಾಡಿದ್ದಿಲ್ಲ. ಮೊನ್ನೆಯಿಂದ ನನ್ನ ತಾಟು ನೋಡಿ ಸುಮ್ಮನ ಉಣತಾನ. ಏನೂ ಕೇಳಂಗಿಲ್ಲ. ಅದಕ್ಕ ನನಗ ಹೆಚ್ಚು ಕೆಟ್ಟ ಅನಸತೈತಿ."

ಮೂರು ಗುರುತು ಹಾಕಿದೆ. ಒಂದು, ಎರಡು, ನಾಲ್ಕು: ಒಟ್ಟು ಏಳು. ನನ್ನ ಪ್ರೋಗ್ರಾಮಿನ ಪ್ರಕಾರ ಇನ್ನು ಮುಂದೆ ನಮ್ಮಪ್ಪ ಮೊಟ್ಟೆ ತಿನ್ನುವ ಮನುಷ್ಯ. ಪ್ರೋಗ್ರಾಮಿನಲ್ಲಿ ಈ ಸಲ ಯಾವ ತಪ್ಪೂ ಇರಲಿಲ್ಲ.

ಒಳಗಿನಿಂದ ಅವ್ವನ ದನಿ ಬಂತು. "ನನಗ ಎಲ್ಲಾ ಕೇಳಸತೈತಿ. ಕೊಡೂದು ಕೊಡ್ರಿ. ಆದ್ರ ಆ ಕೈಲೆ ನನ್ನ ರೊಟ್ಟಿ ಡಬ್ಬಿ ಮುಟ್ಟಬ್ಯಾಡ್ರಿ."

ಅಪ್ಪ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಸಾಬೂನು ಎಲ್ಲಿದೆ ಎಂದು ಕೇಳಿದರು.