ಮಗ್ಗದ ಗುಂಡಿಯಲ್ಲಿ ಬಚ್ಚಿಟ್ಟ ಮಗು

ನನ್ನ ಅತ್ತೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕಂತೆ, ಮೊಮ್ಮಕ್ಕಳು ಹೇಳುತ್ತಾರೆ. ಇದ್ದಿದ್ದರೆ ಬರೆಯುತ್ತಿದ್ದೆ. ಕಲಿತದ್ದೇ ನಾಲ್ಕಕ್ಷರ, ಅದನ್ನು ಸುಳ್ಳಿಗೆ ಸವೆಸಲಾರೆ.

ತವರೂರು ತಳಕಿನಿಂದ ನಾನು ಸೊಸೆಯಾಗಿ ಬಂದದ್ದು ಮೊಳಕಾಲ್ಮೂರಿನ ನೇಕಾರರ ಮನೆಗೆ. ನಡುಮನೆಯಲ್ಲಿ ಗುಂಡಿಮಗ್ಗ. ಗಂಡ ಗುಂಡಿಯೊಳಗೆ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದ. ಎಳೆ ಒಣಗಿ ಹರಿಯಬಾರದೆಂದು ಗುಂಡಿಯ ಮೂಲೆಯಲ್ಲಿ ನೀರಿನ ಬಾನಿ. ಅದನ್ನು ಚೆಲ್ಲುವಂತಿಲ್ಲ, ಕಡಿಮೆಯಾದಷ್ಟು ತುಂಬಬೇಕು. ಚೆಲ್ಲಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎನ್ನುವುದು ಅತ್ತೆಯ ಶಾಸ್ತ್ರ. ಲಕ್ಷ್ಮಿಯನ್ನು ನಾನಂತೂ ಕಾಣಲಿಲ್ಲ. ಸೊಳ್ಳೆ ಮಾತ್ರ ಬೇಕಾದಷ್ಟಿದ್ದವು.

ನನ್ನ ಹಿರಿಯ ಮಗನಿಗೆ ಹೊಟ್ಟೆಯ ಎಡಗಡೆ ಗುಲ್ಮ ಊದಿ ಜ್ವರದ ಗಡ್ಡೆ ಕಟ್ಟಿತ್ತು. ಅತ್ತೆ ಬಳೆಚೂರು ಕಾಯಿಸಿ ಹೊಟ್ಟೆಗೆ ಚುಟಿಗೆ ಹಾಕಿದರು. "ಗಡ್ಡೆ ಸುಟ್ಟೋಯ್ತು" ಎಂದರು. ಮೂರನೇ ದಿನ ಹೋದದ್ದು ಮಗು.

ಮಾರನೇ ವರ್ಷ ಸರ್ಕಾರದ ಮಲೇರಿಯಾ ಡಾಕ್ಟರು ಬಂದು ಮನೆಮನೆಯ ಮಕ್ಕಳ ಹೊಟ್ಟೆ ಒತ್ತಿ, ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಳ್ಳುತ್ತಿದ್ದಾರೆಂದು ಸುದ್ದಿಯಾಯಿತು. ಆಗ ನಾದಿನಿಗೆ ಬಿ.ಜಿ. ಕೆರೆ ಊರಿನ ಗಂಡು ಗೊತ್ತಾಗಿತ್ತು. ಜ್ವರದ ಮನೆ ಎಂದು ಹೆಸರಾದರೆ ಯಾರು ಬರುತ್ತಾರೆ? ಅತ್ತೆ ನನ್ನ ಮಗಳನ್ನು ಎತ್ತಿ ಗುಂಡಿಯೊಳಗೆ, ಗಂಡನ ಕಾಲ ಸಂದಿಯಲ್ಲಿ, ಕೂರಿಸಿ ಮೇಲೆ ಹಳೆ ಸೀರೆ ಹೊದಿಸಿದರು.

"ತಳಕಿಗೆ ಹೋಗೈತೆ ಅನ್ನು. ಬಾಯಿ ಬಿಟ್ಟೀಯೋ, ನೀನೂ ಅಲ್ಲಿಗೇ ಹೋಗ್ತೀಯಾ."

ಜವಾನನನ್ನು ಹಿಂದಿಟ್ಟುಕೊಂಡು ಡಾಕ್ಟರು ಬೂಟು ಕಾಲಲ್ಲೇ ಒಳಗೆ ಬಂದ. ಅವನೂ ನನಗೆ ಸೇರಲಿಲ್ಲ.

"ಮಕ್ಕಳೆಲ್ಲಿ?"

ಅತ್ತೆ ಹೇಳಿದರು: "ನಮ್ಮನೇಲಿ ಯಾರಿಗೂ ಜ್ವರ ಇಲ್ಲ ಸ್ವಾಮಿ."

"ಜ್ವರ ಇರೋರನ್ನ ಹುಡುಕ್ಕೊಂಡು ಬಂದಿಲ್ಲಮ್ಮ. ಇಲ್ಲ ಅನ್ನೋರ ರಕ್ತದಲ್ಲೇ ಅದು ಅಡಗಿರುತ್ತೆ. ಅವರನ್ನ ಕಚ್ಚಿದ ಸೊಳ್ಳೆ ಇನ್ನೊಬ್ಬರಿಗೆ ಅಂಟಿಸುತ್ತೆ."

"ರೋಗ ಇಲ್ಲದೋರತ್ರ ರೋಗ ಹುಡುಕೋಕೆ ಸರ್ಕಾರ ಸಂಬಳ ಬೇರೆ ಕೊಡ್ತೈತಾ? ನಮ್ಮತ್ತೆ ಇದ್ದಿದ್ರೆ ಪುಕ್ಕಟೆ ಹುಡುಕ್ತಿದ್ರು, ಸೊಸೇರ ಮೈಮೇಲೆ" ಎಂದರು ಅತ್ತೆ.

ಜವಾನ ನಕ್ಕ. ಡಾಕ್ಟರು ನಗಲಿಲ್ಲ, ಬಾಗಿಲ ಕಡೆ ತಿರುಗಿದ. ಗಂಡ ತಲೆ ಎತ್ತದೆ ಲಾಳಿ ಹೊಡೆಯುತ್ತಿದ್ದ. ಅವನ ಕಾಲ ಬಳಿ ಹಳೆ ಸೀರೆ ಸ್ವಲ್ಪ ಅಲ್ಲಾಡಿತು. ಮಗು ಸೊಳ್ಳೆ ಕಡಿದಲ್ಲಿ ಕೆರೆದುಕೊಳ್ಳುತ್ತಿತ್ತು. ತೀರಿಹೋದ ಮಗನಿಗೂ ಮೊದಮೊದಲು ಜ್ವರ ಇರಲಿಲ್ಲ. ಬರೀ ಗಡ್ಡೆ ಇತ್ತು.

"ಮಗು ಗುಂಡಿಯೊಳಗೈತೆ ನೋಡ್ರಿ" ಎಂದೆ.

ಅತ್ತೆ ಬೈಗುಳಕ್ಕೆ ತೆಲುಗಿಗೆ ಇಳಿದರು. ಕನ್ನಡ ಸಾಲದಾದಾಗ ಅವರಿಗೆ ಅದೇ ಗತಿ. ಡಾಕ್ಟರು ಮಗುವನ್ನು ಚಾಪೆಯ ಮೇಲೆ ಮಲಗಿಸಿ ಹೊಟ್ಟೆ ಒತ್ತಿದ. ಮೈ ತಣ್ಣಗಿತ್ತು. ಪಕ್ಕೆಲುಬಿನ ಕೆಳಗೆ ಮೂರು ಬೆರಳಗಲದ ಗಡ್ಡೆ. ಬೆರಳು ಚುಚ್ಚಿದಾಗ ಅವಳು ಅವನ ಕೈ ಕಚ್ಚಿದಳು; ನನಗೆ ಬೇಸರವಾಗಲಿಲ್ಲ. ಆಮೇಲೆ ಅವನು ಬಗ್ಗಿ ಬಾನಿಯ ನೀರನ್ನು ಬೊಗಸೆಯಲ್ಲಿ ಎತ್ತಿ ತೋರಿಸಿದ. ಕೂದಲೆಳೆಯಂಥ ಹುಳಗಳು ಮಿಲಮಿಲ ಎನ್ನುತ್ತಿದ್ದವು.

"ಸೊಳ್ಳೆ ಮರಿ ಸಾಕಿದೀರಿ. ಮಗೂನ ತಂದು ಅದರ ಬಾಯಿಗೇ ಇಟ್ಟಿದೀರಿ. ಬುದ್ಧಿ ಇಲ್ಲದ ಜನ."

ಬೈದದ್ದು ನನ್ನನ್ನೂ ಸೇರಿಸಿ. ಮರೆತಿಲ್ಲ.

ವಾರದ ಮೇಲೆ ಜವಾನ ಕ್ವಿನೈನ್ ತಂದುಕೊಟ್ಟ. ಮಗಳ ರಕ್ತದಲ್ಲಿ ಜ್ವರದ ಹುಳ ಕಂಡಿತ್ತಂತೆ. ಒಂದು ದಿನವೂ ಜ್ವರ ಕಾಣದ ಮಕ್ಕಳಲ್ಲೂ ಕಂಡಿತ್ತಂತೆ, ನಮ್ಮ ಬೀದಿಯಲ್ಲೇ. ಬೀದಿಗೆ ಗೊತ್ತಾದದ್ದು ಬಿ.ಜಿ. ಕೆರೆಗೂ ಗೊತ್ತಾಯಿತು. ಸಂಬಂಧ ಮುರಿಯಿತು. "ನನ್ನ ಮಗಳ ಬಾಳು ತಿಂದೆ" ಎಂದು ಅತ್ತೆ ನನ್ನ ಕೈಯ ಅನ್ನ ಉಣ್ಣುವುದನ್ನು ಬಿಟ್ಟರು. ಒಬ್ಬರ ಪಾಲಿನ ಅಡುಗೆ ಕಡಿಮೆಯಾಯಿತು.

ಮಗಳ ಮೂಗು ಹಿಡಿದು ಕ್ವಿನೈನ್ ಕುಡಿಸಿದೆ. ಅವಳೂ ನನ್ನನ್ನು ಬೈಯುತ್ತಿದ್ದಳು. ಬರುಬರುತ್ತಾ ಗಡ್ಡೆ ಕರಗಿತು. ಗುಂಡಿಯಲ್ಲಿ ಬಾನಿಯಂತೂ ಇದ್ದೇ ಇತ್ತು. ಹುಳ ಸೊಳ್ಳೆಯಾಗುವ ಮೊದಲೇ, ಪ್ರತಿ ಸೋಮವಾರ ಅದನ್ನು ಅಂಗಳಕ್ಕೆ ಎಳೆದು ಅತ್ತೆಯ ಕಣ್ಣೆದುರೇ ಬೋರಲು ಹಾಕುತ್ತಿದ್ದೆ. ಅವರು ಹೊಸ ನೀರು ತಂದು ತುಂಬುತ್ತಿದ್ದರು. ಅವರು ಸಾಯುವವರೆಗೆ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಅಷ್ಟೇ.