ಅಸಲು ಮುಟ್ಟಬೇಡಿ ಎಂದ ಮಿಕ್ಸಿಂಗ್ ಅಕ್ಕ

ಮಿಕ್ಸಿಂಗ್ ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ವಿಡಿಯೊ ಕ್ಯಾಸೆಟ್ಟಿನ ಬಾಯಿ ತೆರೆದು ತೆರೆದು ಹಾಗಾಯಿತು ಎಂದು ಅವರು ಹೇಳುತ್ತಿದ್ದರು. ನಾನು ನಂಬಿರಲಿಲ್ಲ. ಯಾರದೋ ಕ್ಯಾಮೆರಾ ಬಿಚ್ಚಲು ಹೋಗಿ ಸೀಳಿಕೊಂಡಿರಬೇಕು ಎಂದುಕೊಂಡಿದ್ದೆ. ನನ್ನ ಸ್ವಭಾವವೇ ಅಂಥದ್ದು. ಅಂಗಡಿಗೆ ಬೀಗ ಹಾಕಿ ಬಸ್ ಸ್ಟ್ಯಾಂಡ್ ತನಕ ಹೋದವನು, ಬೀಗ ಎಳೆದು ನೋಡಲು ಮತ್ತೆ ವಾಪಸ್ ಬರುವವನು.

ತಿ. ನರಸೀಪುರದಲ್ಲಿ ನನ್ನದೊಂದು ಸ್ಟುಡಿಯೊ. ತೊಂಬತ್ತರ ದಶಕದಿಂದಲೂ ಮದುವೆ ವಿಡಿಯೊ ತೆಗೆಯುವುದು ನಾನು. ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕುವ ಕೆಲಸಕ್ಕೆ ನಂಜನಗೂಡಿನ ಅಕ್ಕನ ಹತ್ತಿರ ಹೋಗುತ್ತಿದ್ದೆ. ಆ ಕೆಲಸಕ್ಕೆ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಾರೆ. ಅಕ್ಕನ ತಂಗಿಯ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆ ಅವರದು. ನಾನು ಕ್ಯಾಸೆಟ್ ಬಿಟ್ಟು ಬರುತ್ತಿರಲಿಲ್ಲ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೆಲಸ ಮುಗಿಯುವ ತನಕ ಕಾಯುತ್ತಿದ್ದೆ. ನನ್ನ ದೃಶ್ಯಗಳನ್ನು ಬೇರೆ ಸ್ಟುಡಿಯೊದವರಿಗೆ ಕೊಟ್ಟುಬಿಟ್ಟರೆ?

"ಕಾವಲಿಗೆ ಬಂದ್ರಾ, ಬನ್ನಿ," ಎನ್ನುತ್ತಿದ್ದರು ಅಕ್ಕ. ಅನುಮಾನದಲ್ಲಿ ಅವರೇನು ಕಮ್ಮಿಯಿರಲಿಲ್ಲ. ಕರೆಂಟನ್ನು ನಂಬುತ್ತಿರಲಿಲ್ಲ, ಕಂಪ್ಯೂಟರನ್ನಂತೂ ಮೊದಲೇ ಇಲ್ಲ. ಅದಕ್ಕೇ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಡುತ್ತಿದ್ದರು.

ಎರಡು ಸಾವಿರದ ಎಂಟರ ಹೊತ್ತಿಗೆ ನಾನು ಎಚ್.ಡಿ. ಕ್ಯಾಮೆರಾ ತಂದೆ. ಮುಖದ ಮೇಲಿನ ಅರಿಶಿನದ ಕಣವೂ ಕಾಣುವಂಥ ಚಿತ್ರ. ಅಕ್ಕನ ಕಂಪ್ಯೂಟರ್ ಮಾತ್ರ ಹಳೆಯದು, ಆ ಚಿತ್ರದ ಭಾರ ಅದಕ್ಕೆ ತಡೆಯುತ್ತಿರಲಿಲ್ಲ. ವಾಲಗ ಮುಂದೆ ಓಡಿಹೋಗುತ್ತಿತ್ತು, ಮದುಮಗನ ಕೈ ತಾಳಿ ಹಿಡಿದುಕೊಂಡು ಅಲ್ಲೇ ನಿಂತಿರುತ್ತಿತ್ತು. ಅಕ್ಕ ಅದಕ್ಕೊಂದು ದಾರಿ ಮಾಡಿಕೊಂಡರು. ಪ್ರತಿ ತುಣುಕಿಗೂ ಅದೇ ಹೆಸರಿನ ಸಣ್ಣ, ಹಗುರ ನಕಲು ಮಾಡಿ, ಕತ್ತರಿಸುವುದು ಜೋಡಿಸುವುದನ್ನೆಲ್ಲ ನಕಲಿನ ಮೇಲೆ ಮುಗಿಸುವುದು. ಕೊನೆಗೆ ಹೆಸರು ಹಿಡಿದು ಅಸಲನ್ನು ಆ ಜಾಗಕ್ಕೆ ಕೂರಿಸಿದರೆ, ಕಂಪ್ಯೂಟರ್ ಎಷ್ಟು ಹೊತ್ತಾದರೂ ತೆಗೆದುಕೊಂಡು ಪೂರ್ತಿ ಚಿತ್ರ ಕೊಡುತ್ತಿತ್ತು.

"ಕ್ಯಾಸೆಟ್ ಕಾಲದಲ್ಲೂ ನಾನು ಹಿಂಗೇ ಮಾಡ್ತಿದ್ದಿದ್ದು ಕಣಪ್ಪ. ಅಸಲು ಓಡಿಸಿದಷ್ಟೂ ಸವೀತದೆ. ಅಸಲು ಮುಟ್ಟಬೇಡಿ," ಎಂದರು.

ನನಗೆ ಕಂಡಿದ್ದು ತೆರೆಯ ಮೇಲಿನ ಮಸುಕು ಮುಖಗಳು. ಅಯ್ಯೋ, ಅಸಲು ತಾವಿಟ್ಟುಕೊಂಡು ಈ ಕಲಗಚ್ಚು ನನ್ನ ಕೈಗೆ ಕೊಡುತ್ತಾರಲ್ಲ ಎಂದುಕೊಂಡೆ.

ಅದು ಸೋಸಲೆಯ ಒಂದು ಮದುವೆ. ಕಾಯಿಲೆಯಲ್ಲಿದ್ದ ಹೆಣ್ಣಿನ ಅಪ್ಪ ಹೇಗೋ ನಿಂತು ಧಾರೆ ಎರೆದುಕೊಟ್ಟಿದ್ದರು. ವಾರದೊಳಗೆ ತೀರಿಕೊಂಡರು. ಆ ಹುಡುಗಿ ಸ್ಟುಡಿಯೊಗೆ ಬಂದು, "ನಮ್ಮಪ್ಪ ಮಾತಾಡಿದ್ದು ಅದ್ರಲ್ಲಿ ಅದಾ ಸಾ? ಅನ್ನೊಂದನೇ ದಿನಕ್ಕೆ ಕೊಟ್ಬುಡಿ, ನೆಂಟ್ರೆಲ್ಲ ಬತ್ತಾರೆ," ಎಂದಳು. ಆಗಲಿ ಎಂದು ಮಾತು ಕೊಟ್ಟುಬಿಟ್ಟೆ.

ತಿಥಿಗೆ ಇನ್ನು ಐದು ದಿನ. ಬೀದಿ ನಲ್ಲಿಯಲ್ಲಿ ನೀರು ಬಂತೆಂದು ಅಕ್ಕ ಬಿಂದಿಗೆ ಹಿಡಿದು ಎದ್ದರು. ಕೋಣೆಯಲ್ಲಿ ನಾನೊಬ್ಬನೇ. ಅಸಲು ತುಣುಕುಗಳಿದ್ದ ಡಿಸ್ಕ್ ತೆರೆದೆ. ಎಲ್ಲವನ್ನೂ ಒಟ್ಟಿಗೆ ಆರಿಸಿ, ಹಳೆಯ ಹೆಸರಿನ ಜಾಗದಲ್ಲಿ ನನ್ನ ಸ್ಟುಡಿಯೊ ಹೆಸರು ಟೈಪ್ ಮಾಡಿದೆ. ಇನ್ನೂರಕ್ಕೂ ಹೆಚ್ಚು ತುಣುಕುಗಳು ಕ್ಷಣದಲ್ಲಿ ನನ್ನ ಹೆಸರು ಹೊತ್ತು ಒಂದು, ಎರಡು, ಮೂರು ಎಂದು ಸಾಲಾಗಿ ನಿಂತವು. ಪಾತ್ರೆಗೆ ಹೆಸರು ಕೆತ್ತಿಸಿದಂತೆ, ಇನ್ನು ಕದಿಯಲಿ ನೋಡೋಣ ಎಂದು ನಿರಾಳನಾದೆ.

ತಿಥಿಗೆ ಎರಡು ದಿನವಿದ್ದಾಗ ಅಕ್ಕ ಅಸಲು ಕೂರಿಸಲು ಹೋದರು. ಒಂದೂ ಸಿಗಲಿಲ್ಲ. ಅಸಲು ಕಾಣೆ ಎಂಬ ಗುರುತಾಗಿ ತೆರೆ ಪೂರ್ತಿ ಕೆಂಪು.

"ಏನ್ ಮಾಡಿದ್ರಿ ಅಕ್ಕ ನನ್ನ ಮದ್ವೆನಾ? ನಂಗೆ ಮೊದ್ಲೇ ಅನುಮಾನ ಇತ್ತು!" ಎಂದು ಕೂಗಿಬಿಟ್ಟೆ. ಹೊರಗೆ ಹೊಲಿಗೆ ಯಂತ್ರದ ಸದ್ದು ನಿಂತಿತು.

ಅಕ್ಕ ಡಿಸ್ಕ್ ತೆರೆದು ನೋಡಿದರು. "ನಿಮ್ಮ ಸ್ಟುಡಿಯೊ ಹೆಸರು ನಾನ್ಯಾಕಪ್ಪಾ ಬರೀಲಿ?" ಎಂದರು.

"ಕಂಪ್ಯೂಟ್ರೇ ಮಾಡ್ಕೊಂಡಿರ್ಬೇಕು," ಎಂದೆ.

"ಇರಬೌದು. ಅದಕ್ಕೂ ನಿಮ್ಮ ಸ್ಟುಡಿಯೊ ಮೇಲೆ ಬಾಳ ಪ್ರೀತಿ."

ಹೊಸ ಸಂಖ್ಯೆಗಳು ಹಳೆಯ ಕ್ರಮದಲ್ಲಿರಲಿಲ್ಲ. ತಾರೀಖು, ಸಮಯ ಹಿಡಿದು ಹೊಂದಿಸೋಣವೆಂದರೆ ನಾನು ಕ್ಯಾಮೆರಾದ ಗಡಿಯಾರವನ್ನೇ ಸರಿಮಾಡಿರಲಿಲ್ಲ. ಬ್ಯಾಟರಿ ಬದಲಿಸಿದಾಗಲೆಲ್ಲ ಅದು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. "ಹೋಗ್ಲಿ ಬಿಡಿ ಅಕ್ಕ, ಮಸುಕು ನಕಲಲ್ಲೇ ಕೊಟ್ಬಿಡೋಣ," ಎಂದೆ. ನಕಲು ಕೊಟ್ಟುಬಿಡುತ್ತಾರೆಂದು ಹೆದರಿ ಸತ್ತವನೇ ನಾನು!

"ಆಗಲ್ಲ. ಆ ಹುಡುಗಿಗೆ ಅವರಪ್ಪನ ಮುಖ ಇನ್ನೆಲ್ಲಿ ಸಿಕ್ತದೆ?" ಎಂದು ಅಕ್ಕ ನೋಟ್‌ಬುಕ್ ಎಳೆದುಕೊಂಡರು. ಪ್ರತಿ ತುಣುಕಿನ ಹಳೆಯ ಹೆಸರು, ಅದರ ಎದುರು ಮೊದಲು ಕಾಣುವುದೇನು ಎಂಬುದು ಅದರಲ್ಲಿತ್ತು. ನಾನು ಅಸಲು ತುಣುಕುಗಳನ್ನು ಒಂದೊಂದಾಗಿ ತೆರೆದು, ಕಂಡಿದ್ದನ್ನು ಹೇಳಬೇಕು. "ಅತ್ತೆ ಕನ್ನಡಕ ಒರೆಸ್ತಾ ಅವ್ರೆ." ಅವರು ಬೆರಳಾಡಿಸಿ ಹುಡುಕಿ, "ನಲವತ್ತೇಳು," ಎನ್ನಬೇಕು. ಎರಡು ಹಗಲು ಇದೇ ಕೆಲಸ. ಸೀಳಿದ ಉಗುರು ಹಾಳೆಗೆ ಸಿಕ್ಕಿಕೊಂಡಾಗಲೆಲ್ಲ ಅವರು ನೋವಿಗೆ ಹಲ್ಲು ಕಚ್ಚುತ್ತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ.

ಒಂದು ತುಣುಕಿನಲ್ಲಿ ಬರೀ ನೆಲ ಕಂಡಿತು. ಆಫ್ ಮಾಡಲು ಮರೆತು ಕ್ಯಾಮೆರಾ ಹಿಡಿದು ಓಡಾಡಿದ್ದೆ. "ಇದು ವೇಸ್ಟು," ಎಂದೆ.

"ಬರೆದಿದ್ದೀನಿ ನೋಡಿ: ನೆಲ, ಅಪ್ಪನ ದನಿ, ತೆಗೆಯಬಾರದು."

ಕೊನೆಯ ರಾತ್ರಿಯಿಡೀ ಕಂಪ್ಯೂಟರ್ ಓಡಿ ಪೂರ್ತಿ ಚಿತ್ರ ಕೊಟ್ಟಿತು. ತಿಥಿಯ ದಿನ ಸೋಸಲೆಯ ಮನೆಯಲ್ಲಿ ಅಪ್ಪನ ಮುಖ ಟಿ.ವಿ.ಯಲ್ಲಿ ನಿಚ್ಚಳವಾಗಿ ಬಂತು. ಆಮೇಲೆ ಆ ನೆಲ ಬಂತು, ಜೊತೆಗೆ ಏದುಸಿರಿನ ದನಿ: "ಮಗ್ಳು ಉಂಡ್ಲಾ ಕೇಳ್ರಪ್ಪಾ, ಬೆಳಗ್ಗಿಂದ ಅಸ್ಕೊಂಡವ್ಳೆ." ಹುಡುಗಿ ಟಿ.ವಿ.ಯ ಕಡೆಗೇ, "ಉಂಡೆ ಕಣಪ್ಪಾ," ಎಂದು ಬಿಕ್ಕಿದಳು. ನಾನು ಹೊರಗೆ ಬಂದು ಜಗಲಿಯ ಕಂಬ ಹಿಡಿದು ಅತ್ತೆ.

ತಪ್ಪು ಒಪ್ಪಿಕೊಂಡೆನೇ? ಇಲ್ಲ. ಅಕ್ಕ ಯಾವತ್ತೂ ಕೇಳಲಿಲ್ಲ. ಕೇಳದೆ ಇದ್ದುದೂ ನನಗೆ ಅನುಮಾನವೇ: ಊರೆಲ್ಲ ಹೇಳಿಕೊಂಡು ನಗುತ್ತಿದ್ದಾರೇನೋ ಎಂದು.

ಕೆಲವು ವರ್ಷಗಳ ಮೇಲೆ ಅಕ್ಕ ಹೃದಯಾಘಾತದಿಂದ ಹೋದರು. ಮಾತಾಡಿಸಿಕೊಂಡು ಬರಲು ಹೋದಾಗ ತಂಗಿ ಆ ನೋಟ್‌ಬುಕ್ ತಂದು, "ನಿಮ್ಮ ಮದ್ವೆಗಳೇ ಜಾಸ್ತಿ ಇದಾವೆ, ಇಟ್ಕೊಳಿ," ಎಂದರು. ಬಸ್ಸಿನಲ್ಲಿ ಕೂತವನು ಮೊದಲು ಹುಡುಕಿದ್ದು ಸೋಸಲೆಯ ಪುಟವನ್ನೇ. ಕಳ್ಳ ಎಂದು ಬರೆದಿರುತ್ತಾರೆ ಎಂದುಕೊಂಡಿದ್ದೆ.

ಪುಟದ ಕೊನೆಯಲ್ಲಿ ದುಂಡು ಅಕ್ಷರದಲ್ಲಿ ಹೀಗಿತ್ತು: "ನಲ್ಲಿ ನೀರಿಗೆ ಹೋದಾಗ ನರಸೀಪುರದವರು ಹೆಸರು ಬದಲಿಸಿದ್ದಾರೆ. ಕೇಳಲಿಲ್ಲ. ಪಾಪ, ತುಂಬ ಹೆದರಿದ್ದಾರೆ."

ಜೇಬಿನಿಂದ ಪೆನ್ನು ತೆಗೆದೆ. ಬಸ್ಸು ಕುಲುಕುತ್ತಿತ್ತು. ಅದರ ಕೆಳಗೆ ಸೊಟ್ಟಸೊಟ್ಟಗೆ ಬರೆದೆ: "ಹೌದು ಅಕ್ಕ, ನಾನೇ."